ಮೊದಲು ಬಿಸಿಲು, ಆಮೇಲೆ ಊಟ

ಮನೆಯಲ್ಲಿ ಸಾಕಿದ ಇಗ್ವಾನಾವೋ ಬಿಯರ್ಡೆಡ್ ಡ್ರ್ಯಾಗನ್ನೋ ನಾಲ್ಕು ದಿನದಿಂದ ಏನೂ ಮುಟ್ಟಿಲ್ಲ ಎಂದಾಗ ಸಾಕಿದವರ ಕಣ್ಣು ಮೊದಲು ಹೋಗುವುದು ಬಟ್ಟಲಿನ ಕಡೆಗೆ. ಹುಳ ಹಿಡಿಸಲಿಲ್ಲವೇ, ಸೊಪ್ಪು ಬಾಡಿತ್ತೇ, ಬೇರೆ ಏನಾದರೂ ಇಟ್ಟು ನೋಡೋಣವೇ ಎಂದು ಯೋಚನೆ ಓಡುತ್ತದೆ. ಹಸು, ನಾಯಿ, ಮಕ್ಕಳ ಜೊತೆ ಬಾಳಿದವರಿಗೆ ಇದು ಸಹಜವಾದ ದಾರಿ. ಅವೆಲ್ಲ ತಿಂದ ಅನ್ನದಿಂದಲೇ ಮೈ ಬೆಚ್ಚಗಿಟ್ಟುಕೊಳ್ಳುವ ಜೀವಿಗಳು; ಅವು ಊಟ ಬಿಟ್ಟರೆ ತೊಂದರೆ ಊಟದಲ್ಲಿರಬೇಕು ಇಲ್ಲವೇ ಒಡಲಲ್ಲಿರಬೇಕು. ಹಲ್ಲಿಯ ಕುಲದ ಲೆಕ್ಕ ಬೇರೆ. ಅದರ ಮೈಯ ಬಿಸಿ ಹೊರಗಿನಿಂದ ಬರಬೇಕು. ಆ ಬಿಸಿ ಇಲ್ಲದಿದ್ದರೆ ಹೊಟ್ಟೆ ಕೆಲಸ ಮಾಡುವುದಿಲ್ಲ, ಹೊಟ್ಟೆ ಕೆಲಸ ಮಾಡದಿದ್ದರೆ ಹಸಿವೂ ಹುಟ್ಟುವುದಿಲ್ಲ. ಇಷ್ಟು ಸರಳವಾದ ಮಾತನ್ನು ಮನುಷ್ಯರು ಒಪ್ಪಿಕೊಳ್ಳಲು ಶತಮಾನಗಳೇ ಬೇಕಾದವು. ಊಟ ಬಿಟ್ಟ ಸರೀಸೃಪಕ್ಕೆ ನೆರವಾಗುವ ವಿದ್ಯೆ ಮುಂದೆ ಸಾಗಿದ್ದು, ಯಾರಾದರೂ ಬಟ್ಟಲಿನಿಂದ ಕಣ್ಣು ತೆಗೆದು ಪ್ರಾಣಿ ಇರುವ ಜಾಗವನ್ನು ಗಮನಿಸಿದಾಗ ಎಂಬುದು ನನ್ನ ವಾದ. ಈ ಪ್ರಾಣಿಗಳನ್ನು ಸಾಕಿದವರ ಚರಿತ್ರೆ ಅದಕ್ಕೆ ಸಾಕ್ಷಿ ಒದಗಿಸುತ್ತದೆ.

ಬಹಳ ಕಾಲ ಇದು ಒಂದು ಸಮಸ್ಯೆ ಎಂದೇ ಯಾರಿಗೂ ತೋರಿರಲಿಲ್ಲ. ಗೋಸುಂಬೆ ಗಾಳಿ ಕುಡಿದು ಬದುಕುತ್ತದೆ ಎಂದು ರೋಮಿನ ಪ್ಲಿನಿ ಮೊದಲನೆಯ ಶತಮಾನದಲ್ಲಿ ಬರೆದ. ಯೂರೋಪು ಅದನ್ನು ಸಾವಿರದೈನೂರು ವರ್ಷ ನಂಬಿತು. ಶೇಕ್ಸ್‌ಪಿಯರನ ಹ್ಯಾಮ್ಲೆಟ್ ಕೂಡ ಅದೇ ನಂಬಿಕೆಯ ಮೇಲೆ ಮಾತು ಹೆಣೆಯುತ್ತಾನೆ. ಇಂಗ್ಲೆಂಡಿನ ವೈದ್ಯ ಥಾಮಸ್ ಬ್ರೌನ್ ಜನರ ತಪ್ಪು ತಿಳಿವಳಿಕೆಗಳನ್ನು ಪಟ್ಟಿಮಾಡಿ 1646ರಲ್ಲಿ ಹೊರತಂದ ಪುಸ್ತಕದಲ್ಲಿ ಇದನ್ನೂ ಸೇರಿಸಿದ. ಗಾಳಿಯೇ ಆಹಾರವಾಗಿದ್ದರೆ ಅಷ್ಟುದ್ದದ ಅಂಟು ನಾಲಿಗೆ ಏತಕ್ಕೆ, ಹೊಟ್ಟೆ ಕರುಳು ಏತಕ್ಕೆ ಎಂಬುದು ಅವನ ತರ್ಕದ ತಿರುಳು. ಸ್ವಲ್ಪ ಕಾಲದಲ್ಲೇ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಪರವಾಗಿ ಕ್ಲೋದ್ ಪೆರೋ ಗೋಸುಂಬೆಯೊಂದನ್ನು ಕೊಯ್ದು, 1669ರಲ್ಲಿ ಅದರ ಅಂಗರಚನೆಯ ವಿವರ ಪ್ರಕಟಿಸಿದ. ಅಷ್ಟಾದರೂ ನಂಬಿಕೆ ಪೂರ್ತಿ ಸಾಯಲಿಲ್ಲ. ಅಮೆರಿಕದ ಟೆಕ್ಸಾಸಿನ ಈಸ್ಟ್‌ಲ್ಯಾಂಡ್ ಎಂಬ ಊರಿನಲ್ಲಿ 1897ರಲ್ಲಿ ನ್ಯಾಯಾಲಯಕ್ಕೆ ಅಡಿಗಲ್ಲು ಇಟ್ಟಾಗ ಕಲ್ಲಿನ ಪೊಟರೆಯೊಳಗೆ ಕೊಂಬಿನ ಹಲ್ಲಿಯೊಂದನ್ನು ಹಾಕಿದ್ದರಂತೆ. 1928ರ ಫೆಬ್ರುವರಿಯಲ್ಲಿ ಕಟ್ಟಡ ಕೆಡವಿ ಕಲ್ಲು ತೆರೆದಾಗ ಅದು ಜೀವಂತವಾಗಿತ್ತೆಂದು ಊರಿಗೆ ಊರೇ ಹೇಳಿತು. ಮೂವತ್ತೊಂದು ವರ್ಷ ಅನ್ನ ನೀರಿಲ್ಲದೆ ಹಲ್ಲಿ ಬದುಕಲಾರದು. ನಡುವೆ ಯಾರದೋ ಕೈಚಳಕವಿದ್ದಿರಬೇಕು. ಆದರೂ ಆ ಹಲ್ಲಿಯನ್ನು ಅಧ್ಯಕ್ಷ ಕೂಲಿಜ್ ಅವರಿಗೂ ತೋರಿಸಿದರು, ಮರುವರ್ಷ ಸತ್ತಾಗ ಗಾಜಿನ ಮುಚ್ಚಳದ ಪುಟ್ಟ ಶವಪೆಟ್ಟಿಗೆಯಲ್ಲಿ ಇಟ್ಟರು. ಇಂಥ ಕಥೆಗಳು ಹುಟ್ಟಲು ಒಂದು ನಿಜವಾದ ಆಧಾರವೂ ಇದೆ: ತಣ್ಣಗಿರುವ ಸರೀಸೃಪ ನಿಜಕ್ಕೂ ವಾರಗಟ್ಟಲೆ ಉಪವಾಸ ತಡೆಯುತ್ತದೆ. ನೋಡಿದ್ದು ಸರಿ, ಅದರಿಂದ ತೆಗೆದ ತೀರ್ಮಾನ ತಪ್ಪು. ತಿನ್ನದಿರುವುದು ಅದರ ಸ್ವಭಾವ ಎಂದುಕೊಂಡವರಿಗೆ ಏಕೆ ತಿನ್ನುತ್ತಿಲ್ಲ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಆ ಪ್ರಶ್ನೆಗೆ ಒಳ್ಳೆಯ ಉತ್ತರದ ಸುಳಿವು ಕೊಟ್ಟವನು ಪ್ರಯೋಗಶಾಲೆಯ ವಿಜ್ಞಾನಿಯಲ್ಲ, ಇಂಗ್ಲೆಂಡಿನ ಸೆಲ್ಬೋರ್ನ್ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್. ಅವನ ಅತ್ತೆಯೊಬ್ಬಳು ಸಸೆಕ್ಸಿನಲ್ಲಿ ಆಮೆಯೊಂದನ್ನು ಸಾಕಿದ್ದಳು. ಆಕೆ ತೀರಿಕೊಂಡ ಮೇಲೆ 1780ರಲ್ಲಿ ವೈಟ್ ಅದನ್ನು ತನ್ನ ತೋಟಕ್ಕೆ ತಂದ. ಟಿಮೊತಿ ಎಂಬ ಹೆಸರಿನ ಆ ಆಮೆ ಹೆಣ್ಣೆಂದು ಗೊತ್ತಾದದ್ದು ಸತ್ತ ಮೇಲೆ. ನಡುಬೇಸಗೆಯಲ್ಲಿ ಅದು ಹೊಟ್ಟೆಬಾಕನಂತೆ ತಿನ್ನುತ್ತದೆ, ಬಿಸಿಲು ಇಳಿದಂತೆ ಹಸಿವೂ ಇಳಿಯುತ್ತದೆ, ಚಳಿಗಾಲಕ್ಕೆ ಮುಂಚಿನ ವಾರಗಳಲ್ಲಿ ಹೆಚ್ಚುಕಡಿಮೆ ಏನನ್ನೂ ಮುಟ್ಟುವುದಿಲ್ಲ ಎಂದು ವೈಟ್ ಗುರುತಿಸಿದ. ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿಯೂ ಅವನ ಕಣ್ಣಿಗೆ ಬಿತ್ತು. ಬಿಸಿಲು ಕಳೆಗುಂದುವ ದಿನಗಳಲ್ಲಿ ಆಮೆ ಹಣ್ಣಿನ ಗಿಡಗಳ ಗೋಡೆಯ ಬುಡಕ್ಕೆ ಹೋಗಿ, ಚಿಪ್ಪನ್ನು ಗೋಡೆಗೆ ಓರೆಯಾಗಿ ಆನಿಸಿ, ಬೀಳುವ ಪ್ರತಿಯೊಂದು ಕಿರಣವೂ ಮೈಮೇಲೆ ಬೀಳುವಂತೆ ನಿಲ್ಲುತ್ತಿತ್ತು. ಅಂದರೆ ಬಿಸಿ ತಾನಾಗಿ ಬರಲೆಂದು ಅದು ಕಾಯುತ್ತಿರಲಿಲ್ಲ, ಹುಡುಕಿಕೊಂಡು ಹೋಗುತ್ತಿತ್ತು. 1789ರಲ್ಲಿ ವೈಟನ ಪುಸ್ತಕ ಅಚ್ಚಾಯಿತು, ಲಕ್ಷಾಂತರ ಜನ ಓದಿದರು. ಆದರೆ ಅದನ್ನು ತೋಟದ ಸೊಗಸಿನ ಬರವಣಿಗೆ ಎಂದು ಓದಿದರೇ ಹೊರತು ಪ್ರಾಣಿ ಸಾಕುವವರ ಕೈಪಿಡಿ ಎಂದು ಯಾರೂ ಓದಲಿಲ್ಲ.

ಲಂಡನ್ ಝೂ 1849ರಲ್ಲಿ ಸರೀಸೃಪಗಳಿಗೆಂದೇ ಒಂದು ಮನೆ ತೆರೆಯಿತು. ಜಗತ್ತಿನಲ್ಲಿ ಅಂಥದ್ದು ಅದೇ ಮೊದಲು. 1883ರಲ್ಲಿ ಇನ್ನೂ ದೊಡ್ಡದು ಬಂತು. ಆ ಕಾಲದ ಕಲ್ಪನೆಯಲ್ಲಿ ಉಷ್ಣದೇಶದ ಪ್ರಾಣಿಗೆ ಬೇಕಾದದ್ದು ಬೆಚ್ಚಗಿನ ಕೋಣೆ, ಅಷ್ಟೇ. ಇಡೀ ಕಟ್ಟಡವನ್ನು ಒಂದೇ ಸಮ ಕಾಯಿಸಿದರೆ ಆಯಿತು ಎಂದುಕೊಂಡರು. ಊಟ ಬಿಟ್ಟ ಪ್ರಾಣಿಗೆ ಬೇರೆ ಬೇರೆ ತಿನಿಸು ಇಟ್ಟು ನೋಡುವುದು, ಅದಕ್ಕೂ ಬಗ್ಗದಿದ್ದರೆ ಬಾಯಿ ಬಿಡಿಸಿ ತುರುಕುವುದು ರೂಢಿಯಾಯಿತು. ನ್ಯೂಯಾರ್ಕಿನ ಬ್ರಾಂಕ್ಸ್ ಝೂ 1899ರಲ್ಲಿ ಬಾಗಿಲು ತೆರೆದಾಗಿನಿಂದ ಸರೀಸೃಪಗಳನ್ನು ನೋಡಿಕೊಂಡ ರೇಮಂಡ್ ಡಿಟ್ಮಾರ್ಸ್ ಕಾಲದಲ್ಲಿ, ಹಟ ಹಿಡಿದ ದೊಡ್ಡ ಹೆಬ್ಬಾವನ್ನು ಹಲವು ಆಳುಗಳು ಹಿಡಿದುಕೊಂಡು ಗಂಟಲಿಗೆ ಕೋಲಿನಿಂದ ಮಾಂಸ ದೂಡುವುದು ಪತ್ರಿಕೆಗಳಿಗೆ ಸುದ್ದಿಯಾಗುತ್ತಿತ್ತು. ಆಗಿನವರು ಕಟುಕರೂ ಅಲ್ಲ, ದಡ್ಡರೂ ಅಲ್ಲ. ತಿನಿಸು ಬದಲಿಸಿದರೆ ಕಾಯಿಲೆ ವಾಸಿಯಾಗುತ್ತದೆ ಎಂಬುದಕ್ಕೆ ಅವರ ಮುಂದೆ ದೊಡ್ಡ ನಿದರ್ಶನವೇ ಇತ್ತು. ಲಂಡನ್ ಝೂನಲ್ಲಿ ಸಿಂಹದ ಮರಿಗಳು ಮೂಳೆ ಮೆತ್ತಗಾಗಿ ಸಾಯುತ್ತಿದ್ದಾಗ ಶಸ್ತ್ರವೈದ್ಯ ಜಾನ್ ಬ್ಲಾಂಡ್‌ಸಟನ್ 1889ರಲ್ಲಿ ಜಜ್ಜಿದ ಮೂಳೆ, ಹಾಲು, ಕಾಡ್ ಮೀನಿನ ಎಣ್ಣೆ ಕೊಡಿಸಿದ, ಮರಿಗಳು ಚೇತರಿಸಿಕೊಂಡವು. ಸಿಂಹಕ್ಕೆ ಒಗ್ಗಿದ ಪಾಠವನ್ನು ಹಲ್ಲಿಗೂ ಅನ್ವಯಿಸಿದ್ದು ತಪ್ಪಾದರೂ ಅರ್ಥವಾಗುವ ತಪ್ಪು.

ಈ ದಾರಿಯನ್ನು ತಿರುಗಿಸಿದವರು ಜೋನ್ ಬೀಚಮ್ ಪ್ರಾಕ್ಟರ್. 1897ರಲ್ಲಿ ಹುಟ್ಟಿದ ಈಕೆ ಎಳವೆಯಿಂದಲೇ ಹಲ್ಲಿ, ಮೊಸಳೆಗಳನ್ನು ಸಾಕಿದವರು. ಸದಾ ಕಾಡಿದ ಕಾಯಿಲೆಯಿಂದಾಗಿ ಕೇಂಬ್ರಿಜ್ ಓದು ಕೈತಪ್ಪಿತು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಜಾರ್ಜ್ ಬೌಲೆಂಜರ್ ಅವರ ಜೊತೆ ಕೆಲಸ ಮಾಡುತ್ತ ಸರೀಸೃಪ ವಿದ್ಯೆ ಕಲಿತು, 1923ರಲ್ಲಿ ಲಂಡನ್ ಝೂನ ಸರೀಸೃಪ ವಿಭಾಗದ ಹೊಣೆ ಹೊತ್ತರು. ವಾಸ್ತುಶಿಲ್ಪಿ ಗೈ ಡಾಬರ್ ಜೊತೆ ಸೇರಿ ಅವರು ರೂಪಿಸಿದ ಹೊಸ ಸರೀಸೃಪ ಮನೆ 1927ರಲ್ಲಿ ತೆರೆಯಿತು. ಅಲ್ಲಿ ಇಡೀ ಕಟ್ಟಡವನ್ನು ಒಂದೇ ಹದಕ್ಕೆ ಕಾಯಿಸುವ ಪದ್ಧತಿ ಬಿಟ್ಟು, ಪ್ರತಿ ಗೂಡಿಗೂ ಬೇಕಾದ ಕಡೆ ಬೇಕಾದಷ್ಟು ವಿದ್ಯುತ್ ಶಾಖ ಕೊಟ್ಟರು. ನೇರಳಾತೀತ ಕಿರಣ ಒಳಗೆ ಬಿಡುವ ವಿಶೇಷ ಗಾಜು ಹಾಕಿಸಿದರು. ಜನ ನಿಲ್ಲುವ ಜಾಗ ಮಬ್ಬು, ಪ್ರಾಣಿ ಇರುವ ಜಾಗ ಬೆಳಕು. ಅದೇ ವರ್ಷ ಇಂಡೋನೇಷ್ಯದಿಂದ ಸುಂಬಾ, ಸುಂಬಾವಾ ಎಂಬ ಎರಡು ಕೊಮೊಡೊ ಉಡಗಳು ಬಂದವು. 1928ರ ಅಕ್ಟೋಬರ್ 23ರಂದು ಪ್ರಾಕ್ಟರ್ ಸುಂಬಾವಾವನ್ನು ಪ್ರಾಣಿವಿಜ್ಞಾನ ಸೊಸೈಟಿಯ ಸಭೆಗೆ ಕರೆತಂದರು. ವಿದ್ವಾಂಸರು ನೋಡುತ್ತಿದ್ದಂತೆ ಅದು ಕೋಳಿ, ಪಾರಿವಾಳ, ಮೊಟ್ಟೆಗಳನ್ನು ತಿಂದು ಮೇಜುಗಳ ನಡುವೆ ಓಡಾಡಿತು. ಟೆಕ್ಸಾಸಿನಲ್ಲಿ ಉಪವಾಸದ ಹಲ್ಲಿಯನ್ನು ಜನ ಪವಾಡವೆಂದು ಮೆರೆಸಿದ ವರ್ಷವೇ ಲಂಡನ್ನಿನಲ್ಲಿ ಉಡವೊಂದು ಪರಕೀಯ ಹವೆಯಲ್ಲಿ ಹೊಟ್ಟೆತುಂಬ ತಿಂದು ತೋರಿಸಿತು. ಪ್ರಾಕ್ಟರ್ 1931ರಲ್ಲಿ, ಮೂವತ್ನಾಲ್ಕನೆಯ ವಯಸ್ಸಿಗೇ ತೀರಿಕೊಂಡರು. ಅವರ ಕಟ್ಟಡ ತೊಂಬತ್ತು ವರ್ಷಕ್ಕೂ ಮೇಲ್ಪಟ್ಟು ಬಳಕೆಯಲ್ಲಿತ್ತು.

ಇಲ್ಲಿ ಒಂದು ಆಕ್ಷೇಪ ಏಳುವುದು ನ್ಯಾಯವೇ. ಡಗ್ಲಸ್ ಬರ್ಡನ್ 1926ರಲ್ಲಿ ಬ್ರಾಂಕ್ಸ್ ಝೂಗೆ ತಂದ ಎರಡು ಕೊಮೊಡೊ ಉಡಗಳು ಹೆಚ್ಚು ಕಾಲ ಬದುಕಲಿಲ್ಲ, ಪ್ರಾಕ್ಟರ್ ಅವರ ಉಡಗಳು ಬದುಕಿದವು ಎಂದಮಾತ್ರಕ್ಕೆ ಶಾಖವೇ ಕಾರಣ ಎನ್ನಲಾದೀತೇ? ಎರಡು ಪ್ರಾಣಿಗಳ ಸಾವು, ಎರಡರ ಬದುಕು ಯಾವುದನ್ನೂ ಸಿದ್ಧಪಡಿಸುವುದಿಲ್ಲ. ಪ್ರಾಕ್ಟರ್ ಅವರ ಕೈಗುಣವೂ ಇದ್ದಿರಬಹುದು. ನಿಜವಾದ ಪುರಾವೆ ಬಂದದ್ದು ಕ್ಯಾಲಿಫೋರ್ನಿಯಾದ ಮರುಭೂಮಿಯಿಂದ. ರೇಮಂಡ್ ಕೌಲ್ಸ್ ಮತ್ತು ಚಾರ್ಲ್ಸ್ ಬೋಗರ್ಟ್ ಅಲ್ಲಿನ ಕೋಚೆಲ್ಲಾ ಕಣಿವೆಯಲ್ಲಿ ಹಲ್ಲಿ, ಹಾವುಗಳ ಮೈಯುಷ್ಣ ಅಳೆದು 1944ರಲ್ಲಿ ಫಲಿತಾಂಶ ಪ್ರಕಟಿಸಿದರು. ತಣ್ಣನೆಯ ರಕ್ತದ ಪ್ರಾಣಿಯ ಮೈ ಸುತ್ತಲಿನ ಗಾಳಿಯಷ್ಟೇ ಬಿಸಿ ಎಂದು ಪಾಠ ಹೇಳುತ್ತಿದ್ದ ಕಾಲ ಅದು. ಅವರು ಕಂಡದ್ದು ಬೇರೆ: ಪ್ರತಿ ಜಾತಿಗೂ ತನ್ನದೇ ಆದ ಒಂದು ಉಷ್ಣದ ಹದವಿದೆ, ಬಿಸಿಲಿಗೆ ಬಂದು, ನೆರಳಿಗೆ ಸರಿದು, ಕಾದ ನೆಲಕ್ಕೆ ಹೊಟ್ಟೆ ಒತ್ತಿ ಪ್ರಾಣಿ ಆ ಹದವನ್ನು ಕಾಪಾಡಿಕೊಳ್ಳುತ್ತದೆ, ಹದ ಸಿಕ್ಕಿದಾಗ ಮಾತ್ರ ಓಡುತ್ತದೆ, ಬೇಟೆಯಾಡುತ್ತದೆ. ವೈಟನ ಆಮೆ ಗೋಡೆಗೆ ಒರಗಿ ಮಾಡುತ್ತಿದ್ದ ಕೆಲಸಕ್ಕೆ ಇಲ್ಲಿ ಅಂಕಿಸಂಖ್ಯೆಯ ಆಧಾರ ಸಿಕ್ಕಿತು. ಮುಂದೆ 1976ರಲ್ಲಿ ಅದೇ ಮರುಭೂಮಿಯ ಸೊಪ್ಪು ತಿನ್ನುವ ಇಗ್ವಾನಾಗಳ ಮೇಲಿನ ಅಧ್ಯಯನವೊಂದು, 33 ಡಿಗ್ರಿಯಿಂದ 37ಕ್ಕೆ, 37ರಿಂದ 41ಕ್ಕೆ ಏರಿದಂತೆ ಅದೇ ಆಹಾರದಿಂದ ಪ್ರಾಣಿ ಪಡೆಯುವ ಸತ್ವವೂ ಏರುತ್ತದೆಂದು ತೋರಿಸಿತು. ತಣ್ಣಗಿರುವ ಹಲ್ಲಿಯ ಹೊಟ್ಟೆಗೆ ತುರುಕಿದ ತುತ್ತು ಅರಗದೆ ಅಲ್ಲೇ ಕೊಳೆಯುವ ಅಪಾಯವಿದೆ. ಊಟ ಬಿಡುವುದು ಅಂಥ ಪ್ರಾಣಿಗೆ ಹಟವಲ್ಲ, ತನ್ನನ್ನು ತಾನು ಕಾಯ್ದುಕೊಳ್ಳುವ ಬಗೆ.

ಬಿಸಿಯ ಜೊತೆಗೆ ಬೆಳಕಿನ ಪಾಠವನ್ನು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಇಗ್ವಾನಾಗಳು ಜೀವ ತೆತ್ತು ಕಲಿಸಿದವು. 1990ರ ದಶಕದಲ್ಲಿ ಅಮೆರಿಕಕ್ಕೆ ಮಧ್ಯ ಮತ್ತು ದಕ್ಷಿಣ ಅಮೆರಿಕದ ಫಾರ್ಮುಗಳಿಂದ ವರ್ಷಕ್ಕೆ ಲಕ್ಷಗಟ್ಟಲೆ ಹಸಿರು ಇಗ್ವಾನಾ ಮರಿಗಳು ಬರುತ್ತಿದ್ದವು. ಸೊಪ್ಪು ತಿನ್ನುವ ಆ ಪ್ರಾಣಿಗೆ ಕೆಲವರು ನಾಯಿಯ ತಿಂಡಿ ಹಾಕಿದರು, ಕೆಲವರು ಬರೀ ಲೆಟಿಸ್ ಹಾಕಿದರು. ಬಿಸಿಗೆಂದು ಕರೆಂಟಿನ ಕಲ್ಲು ಇಟ್ಟರು. ಆ ಕಲ್ಲಿನ ಮೇಲೆ ಮಲಗಿದ ಪ್ರಾಣಿಗಳ ಹೊಟ್ಟೆ ಸುಟ್ಟಿತು, ಗೂಡಿನ ಗಾಳಿ ಮಾತ್ರ ತಣ್ಣಗೇ ಉಳಿಯಿತು. ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಸಿಗದೆ ವಿಟಮಿನ್ ಡಿ ಕಡಿಮೆಯಾದಾಗ ಮೈ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕಿತ್ತುಕೊಳ್ಳತೊಡಗುತ್ತದೆ. ದವಡೆ ಊದಿ ಮೆತ್ತಗಾಗುತ್ತದೆ, ಕಾಲ ಬೆರಳು ಅದುರುತ್ತವೆ, ಪ್ರಾಣಿ ಎಲೆಯ ಬಳಿ ಬಂದು ಬಾಯಿ ಹಾಕಿ ಕಚ್ಚಲಾರದೆ ಹಿಂದೆ ಸರಿಯುತ್ತದೆ. ನೋಡುವವರಿಗೆ ಅದು ಊಟ ಬೇಡವೆಂದಂತೆ ಕಾಣುತ್ತದೆ. ಆಗ ಬಾಯಿ ಬಿಡಿಸಿ ತಿನ್ನಿಸಲು ಹೋದರೆ ಮೆತ್ತಗಾದ ದವಡೆ ಮುರಿಯಲೂಬಹುದು. ಕಿಟಕಿಯ ಪಕ್ಕ ಗೂಡು ಇಟ್ಟರೂ ಪ್ರಯೋಜನವಿಲ್ಲ, ಏಕೆಂದರೆ ಮಾಮೂಲಿ ಗಾಜು ಆ ಕಿರಣವನ್ನು ತಡೆದುಬಿಡುತ್ತದೆ. ಪ್ರಾಕ್ಟರ್ ವಿಶೇಷ ಗಾಜು ಹಾಕಿಸಿದ್ದು ಇದಕ್ಕೇ. ಬರ್ಲಿನ್ನಿನ ವೈದ್ಯ ಕುರ್ಟ್ ಹುಲ್ಡ್‌ಶಿನ್ಸ್ಕಿ 1919ರಲ್ಲೇ ರಿಕೆಟ್ಸ್ ಆದ ಮಕ್ಕಳನ್ನು ನೇರಳಾತೀತ ದೀಪದಿಂದ ಗುಣಪಡಿಸಿದ್ದ. ಆ ತಿಳಿವಳಿಕೆ ಎಂಟು ವರ್ಷದೊಳಗೆ ಲಂಡನ್ ಝೂ ತಲುಪಿತು, ಮನೆಗಳಲ್ಲಿ ಸಾಕುವವರನ್ನು ತಲುಪಲು ಎಪ್ಪತ್ತು ವರ್ಷ ಹಿಡಿಯಿತು.

ವಿಟಮಿನ್ ಡಿಯನ್ನು ಪುಡಿಯಾಗಿ ಆಹಾರಕ್ಕೇ ಬೆರೆಸಬಹುದಲ್ಲ, ಮತ್ತೆ ಬಟ್ಟಲೇ ಗೆದ್ದಂತಾಯಿತಲ್ಲ ಎಂದು ಕೇಳಬಹುದು. ರಾತ್ರಿ ತಿರುಗುವ ಲೆಪರ್ಡ್ ಗೆಕ್ಕೊಗಳನ್ನು ದಶಕಗಳಿಂದ ಹಾಗೆಯೇ ಸಾಕಿದ್ದಾರೆ ಎಂಬುದು ದಿಟ. ಆದರೆ ಹಗಲು ಬಿಸಿಲು ಕಾಯಿಸುವ ಜಾತಿಗಳ ಮಾತು ಹಾಗಲ್ಲ. 2010ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಅಧ್ಯಯನವೊಂದು ಬಿಯರ್ಡೆಡ್ ಡ್ರ್ಯಾಗನ್ ಮರಿಗಳಲ್ಲಿ ಎರಡೂ ದಾರಿಗಳನ್ನು ಹೋಲಿಸಿತು. ದೀಪದ ಕೆಳಗೆ ಬೆಳೆದವುಗಳ ರಕ್ತದಲ್ಲಿನ ವಿಟಮಿನ್ ಡಿ ಮಟ್ಟವನ್ನು ಬಾಯಲ್ಲಿ ಕೊಟ್ಟ ಪೂರಕ ಮುಟ್ಟಲೇ ಇಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಟೆಕ್ಸಾಸಿನ ಆ ಕೊಂಬಿನ ಹಲ್ಲಿಯದ್ದೇ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಪ್ರವಾಸಿಗರಿಗೆ ಅವುಗಳನ್ನು ಆಟಿಕೆಯಂತೆ ಮಾರುತ್ತಿದ್ದರು. ಬಹುಪಾಲು ಹಸಿವಿನಿಂದಲೇ ಸತ್ತವು. ಅವುಗಳ ಮುಖ್ಯ ಆಹಾರ ಧಾನ್ಯ ಕೂಡಿಡುವ ಒಂದು ಬಗೆಯ ಕೆಂಜಿಗ. ಅಂಥ ಇರುವೆ ದಿನವೂ ರಾಶಿಗಟ್ಟಲೆ ಸಿಗದಿದ್ದರೆ ಎಷ್ಟೇ ಬಿಸಿ ಬೆಳಕು ಇದ್ದರೂ ಅವು ಉಳಿಯುವುದಿಲ್ಲ. 1967ರಲ್ಲಿ ಟೆಕ್ಸಾಸ್ ಕಾನೂನಿನ ರಕ್ಷಣೆ ಕೊಡುವವರೆಗೆ ಆ ವ್ಯಾಪಾರ ನಡೆಯಿತು. ಹೀಗೆ ಆಹಾರ ನಿಜಕ್ಕೂ ಪ್ರಾಣ ತೆಗೆಯಬಲ್ಲದು, ಒಪ್ಪಲೇಬೇಕು. ಆದರೂ ಈ ನಿದರ್ಶನ ವಾದವನ್ನು ಕೆಡವುವುದಿಲ್ಲ. ಕೊಂಬಿನ ಹಲ್ಲಿಗೆ ಇರುವೆ ಬೇಕೆಂದು ಗೊತ್ತಾದದ್ದು ಅದು ಬದುಕುವ ನೆಲವನ್ನು ನೋಡಿದವರಿಗೆ; ಬಟ್ಟಲಿಗೆ ಒಂದಾದ ಮೇಲೊಂದು ತಿನಿಸು ಸುರಿದು ನೋಡಿದವರಿಗಲ್ಲ.

ಕಾಯಿಲೆಯಿಂದಲೂ ಊಟ ಬಿಡುತ್ತವೆ: ಹೊಟ್ಟೆಹುಳ, ಬಾಯಿಹುಣ್ಣು, ನ್ಯುಮೋನಿಯಾ, ಹೊಟ್ಟೆಯಲ್ಲಿ ಸಿಕ್ಕಿಕೊಂಡ ಮೊಟ್ಟೆ. ಅಲ್ಲಿ ಬೇಕಾದದ್ದು ಔಷಧ, ದೀಪವಲ್ಲ ಎನ್ನುವವರಿಗೆ ಮ್ಯಾಥ್ಯೂ ಕ್ಲೂಗರ್ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ ಪ್ರಯೋಗ ಉತ್ತರ ಕೊಡುತ್ತದೆ. ಮರುಭೂಮಿಯ ಇಗ್ವಾನಾಗಳಿಗೆ ರೋಗಾಣು ಚುಚ್ಚಿದಾಗ ಅವು ಮೊದಲಿಗಿಂತ ಹೆಚ್ಚು ಬಿಸಿಯಾದ ಜಾಗ ಆರಿಸಿಕೊಂಡವು. ತಮಗೆ ತಾವೇ ಜ್ವರ ಬರಿಸಿಕೊಂಡವು. 42 ಡಿಗ್ರಿಯಲ್ಲಿ ಇರಿಸಿದವುಗಳಲ್ಲಿ ಹೆಚ್ಚಿನವು ಬದುಕಿದವು, 34 ಡಿಗ್ರಿಯಲ್ಲಿ ಇರಿಸಿದವುಗಳಲ್ಲಿ ಹೆಚ್ಚಿನವು ಸತ್ತವು. ಕಾಯಿಲೆಯ ಹಲ್ಲಿಗೆ ಔಷಧ ಬೇಕು, ಆದರೆ ಬೆಚ್ಚಗಿಲ್ಲದ ಮೈಯಲ್ಲಿ ಔಷಧವೂ ಸರಿಯಾಗಿ ಕೆಲಸ ಮಾಡದು. ಇಂದಿನ ಪಶುವೈದ್ಯರು ಬಲವಂತದ ಊಟವನ್ನು ಪೂರ್ತಿ ಬಿಟ್ಟಿಲ್ಲ, ಕ್ರಮದಲ್ಲಿ ಕೊನೆಗೆ ತಳ್ಳಿದ್ದಾರೆ. ಮೊದಲು ಮೈ ಅದರ ಹದಕ್ಕೆ ಬೆಚ್ಚಗಾಗಬೇಕು, ಆಮೇಲೆ ನೀರಿನಂಶ ಮರಳಬೇಕು, ಆಮೇಲಷ್ಟೇ ಸಿರಿಂಜಿನಲ್ಲಿ ತೆಳುವಾದ ಗಂಜಿಯಂಥ ಆಹಾರ. ಎಷ್ಟೋ ಬಾರಿ ಮೊದಲೆರಡು ಹಂತ ಮುಗಿಯುವ ಹೊತ್ತಿಗೆ ಪ್ರಾಣಿ ತಾನೇ ಬಾಯಿ ಹಾಕಿರುತ್ತದೆ.

ಹಾಗೆಂದು ಪ್ರತಿಯೊಂದು ಉಪವಾಸಕ್ಕೂ ಹೀಟರ್ ಹೆಚ್ಚಿಸುವುದು ಇನ್ನೊಂದು ಬಗೆಯ ಕುರುಡುತನ. ಪೊರೆ ಬಿಡುವಾಗ, ಮೊಟ್ಟೆಗೆ ಮುಂಚೆ, ಬೆದೆಯ ಕಾಲದಲ್ಲಿ ಹಲ್ಲಿಗಳು ಊಟ ಕಡಿಮೆ ಮಾಡುತ್ತವೆ. ಬಿಯರ್ಡೆಡ್ ಡ್ರ್ಯಾಗನ್ನಿನಂಥ ಪ್ರಾಣಿ ಬೆಳೆದ ಮೇಲೆ ಚಳಿಗಾಲದಲ್ಲಿ ವಾರಗಟ್ಟಲೆ ಮಂಕಾಗಿ ಮಲಗುವುದುಂಟು. ಅದು ಆರೋಗ್ಯವಂತ ಪ್ರಾಣಿಯ ವರ್ಷದ ಲಯ. ತೂಕ ಅಷ್ಟಾಗಿ ಇಳಿಯುವುದಿಲ್ಲ. ಪ್ರಾಕ್ಟರ್ ವಿನ್ಯಾಸದ ಮಹತ್ವ ಬರೀ ಬಿಸಿ ಕೊಟ್ಟದ್ದರಲ್ಲಿಲ್ಲ, ಗೂಡಿನ ಒಂದು ಮೂಲೆಯಲ್ಲಿ ಕೊಟ್ಟದ್ದರಲ್ಲಿದೆ. ಬಿಸಿ ಬೇಕೋ ತಂಪು ಬೇಕೋ ಎಂಬ ಆಯ್ಕೆ ಪ್ರಾಣಿಯ ಪಾಲಿಗೆ ಬಂತು. ಎರಡೂ ಇದ್ದೂ ತಂಪಿನಲ್ಲೇ ಮಲಗುವ ಹಲ್ಲಿ ಒಂದು ಮಾತು ಹೇಳುತ್ತದೆ, ದೀಪದ ಕೆಳಗೇ ಅಂಟಿಕೊಂಡಿದ್ದೂ ತಿನ್ನದ ಹಲ್ಲಿ ಇನ್ನೊಂದು ಮಾತು ಹೇಳುತ್ತದೆ. ಎಲ್ಲೆಡೆ ಒಂದೇ ಉಷ್ಣವಿರುವ ಗೂಡಿನಲ್ಲಿ ಈ ವ್ಯತ್ಯಾಸ ಯಾರಿಗೂ ಕಾಣದು.

ಕರ್ನಾಟಕದಲ್ಲಿ ಈ ಚರಿತ್ರೆ ಈಗ ಪ್ರಸ್ತುತವಾಗಿದೆ. ನಮ್ಮ ಉಡ, ಗೋಸುಂಬೆಗಳನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಅಂಥ ಪ್ರಾಣಿ ಸಿಕ್ಕರೆ ಅರಣ್ಯ ಇಲಾಖೆಗೆ ಒಪ್ಪಿಸಬೇಕು. ಇಗ್ವಾನಾದಂಥ ವಿದೇಶಿ ಜಾತಿಗಳಿಗೆ 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ನೋಂದಣಿ ಬೇಕು. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಅಂಥ ಪ್ರಾಣಿಗಳಿವೆ. ನಮ್ಮದು ಬಿಸಿಲ ನಾಡು, ಹೀಟರ್ ಏಕೆ ಎಂಬ ಮಾತು ಇಲ್ಲಿ ಸುಲಭವಾಗಿ ಬರುತ್ತದೆ. ಆದರೆ ಡಿಸೆಂಬರಿನಲ್ಲಿ ಬೆಂಗಳೂರಿನ ರಾತ್ರಿ 15, 16 ಡಿಗ್ರಿಗೆ ಇಳಿಯುತ್ತದೆ, ಹಗಲೂ ಮನೆಯೊಳಗಿನ ನೆರಳು ತಣ್ಣಗೇ. ಆಸ್ಟ್ರೇಲಿಯಾದ ಒಣನಾಡಿನ ಬಿಯರ್ಡೆಡ್ ಡ್ರ್ಯಾಗನ್ನಿಗೆ ಮೈ ಕಾಯಿಸುವ ಜಾಗ 40 ಡಿಗ್ರಿಯ ಆಸುಪಾಸು ಇರಬೇಕು. ಬಿಸಿಲು ಊರಿಗಿದ್ದರೆ ಸಾಲದು, ಗೂಡಿಗೆ ಇರಬೇಕು. ಆದ್ದರಿಂದ ಹಲ್ಲಿ ಊಟ ಬಿಟ್ಟಾಗ ಮಾಡಬೇಕಾದ ಕೆಲಸಗಳಿಗೆ ಒಂದು ಸರಣಿಯಿದೆ. ಬಿಸಿಯ ಮೂಲೆಯಲ್ಲೂ ತಂಪಿನ ಮೂಲೆಯಲ್ಲೂ ಥರ್ಮಾಮೀಟರ್ ಇಟ್ಟು ಅಳೆಯುವುದು, ನೇರಳಾತೀತ ದೀಪ ಹಳತಾಗಿದೆಯೇ ಎಂದು ನೋಡುವುದು (ಬೆಳಕು ಕಂಡರೂ ಕಿರಣ ಕುಗ್ಗಿರುತ್ತದೆ), ಜಾತಿಗೆ ತಕ್ಕ ಆಹಾರ ಅದೇ ಹೌದೇ ಎಂದು ವಿಚಾರಿಸುವುದು, ದಿನ ಬಿಟ್ಟು ದಿನ ತೂಕ ಬರೆದಿಡುವುದು. ದವಡೆ ಊದಿದ್ದರೆ, ತೂಕ ಇಳಿಯುತ್ತಿದ್ದರೆ ಅಥವಾ ಇಷ್ಟೆಲ್ಲ ಸರಿಯಿದ್ದೂ ತಿನ್ನದಿದ್ದರೆ ತಡಮಾಡದೆ ಸರೀಸೃಪಗಳನ್ನು ಬಲ್ಲ ಪಶುವೈದ್ಯರ ಬಳಿ ಒಯ್ಯಬೇಕು. ಉಷ್ಣ, ಬೆಳಕು, ತೂಕದ ಲೆಕ್ಕ ಜೊತೆಗಿದ್ದರೆ ವೈದ್ಯರು ಅರ್ಧ ಕಾರಣಗಳನ್ನು ಅಲ್ಲೇ ತಳ್ಳಿಹಾಕಿ ಉಳಿದರ್ಧವನ್ನು ಹುಡುಕಬಲ್ಲರು. ಆ ಲೆಕ್ಕ ಇಲ್ಲದಿದ್ದರೆ ಅವರೂ ಬಟ್ಟಲಿನಿಂದಲೇ ಶುರುಮಾಡಬೇಕಾಗುತ್ತದೆ.